ಮುದ್ದೆ ಎಷ್ಟು ದಪ್ಪ ಅಂತ ಕೇಳಿದ ಡಾಕ್ಟರ್

ಮೈಸೂರಿನ ನಮ್ಮ ಬಡಾವಣೆಯ ಸಣ್ಣ ಶುಗರ್ ಕ್ಲಿನಿಕ್‌ಗೆ ಎಂಟು ತಿಂಗಳಿಂದ ಹೋಗುತ್ತಿದ್ದೇನೆ. ಮೊದಲು ತೋರಿಸುತ್ತಿದ್ದ ಕಡೆ ಡಾಕ್ಟರ್ ರಿಪೋರ್ಟ್ ನೋಡುತ್ತಿದ್ದರು, ನನ್ನ ಮುಖವನ್ನಲ್ಲ. "ಅನ್ನ ಬಿಡಿ, ವಾಕ್ ಮಾಡಿ." ಮುಂದಿನ ಟೋಕನ್!

ಇಲ್ಲಿ ಮೊದಲ ದಿನವೇ "ಮುದ್ದೆ ಎಷ್ಟು ದಪ್ಪ?" ಅಂದರು. ಕೈಯಲ್ಲಿ ತೋರಿಸಿದೆ. ನಕ್ಕುಬಿಟ್ಟರು. ರಾಗಿ ತಿಂದರೆ ಶುಗರ್ ಏರುವುದೇ ಇಲ್ಲ ಅಂದುಕೊಂಡು ಎರಡೆರಡು ನುಂಗುತ್ತಿದ್ದೆ. ಅದೂ ಪಿಷ್ಟವೇ ಅಲ್ವಾ! ಅರ್ಧ ಮುದ್ದೆ, ಬಸ್ಸಾರು, ಪಲ್ಯ ಜಾಸ್ತಿ ಅಂತ ಇಬ್ಬರಿಗೂ ಒಪ್ಪಂದವಾಯಿತು.

ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಖಾಲಿ ಹೊಟ್ಟೆಗೆ ನುಂಗಿ, ಭೇದಿಯಾಗಿ, ಯಾರಿಗೂ ಹೇಳದೆ ನಿಲ್ಲಿಸಿದ್ದೆ. ಅದನ್ನೂ ಬಾಯಿಬಿಟ್ಟೆ. ಬೈಯಲಿಲ್ಲ. ಊಟದ ಜೊತೆ ತೆಗೆದುಕೊಳ್ಳಿ ಅಂತ ಹೇಳಿ, ನಿಧಾನವಾಗಿ ಕರಗುವ ಮಾತ್ರೆ ಬರೆದುಕೊಟ್ಟರು. ಎಚ್‌ಬಿಎ1ಸಿ ರಕ್ತಪರೀಕ್ಷೆ ಅಂದರೆ ಹೆಚ್ಚುಕಮ್ಮಿ 3 ತಿಂಗಳ ಶುಗರ್‌ನ ಸರಾಸರಿ, ಹಿಂದಿನ ದಿನ ಸುಮ್ನೆ ಉಪವಾಸ ಇದ್ದು ಮೋಸ ಮಾಡಲಾಗುವುದಿಲ್ಲ ಅಂತ ನರ್ಸ್ ಚೀಟಿಯ ಹಿಂದೆ ಗೆರೆ ಎಳೆದು ತೋರಿಸಿದರು. ನನ್ನದು 9.1 ಇದ್ದದ್ದು 7.2ಕ್ಕೆ ಇಳಿದಿದೆ.

ಕಾಯುವುದು ಮಾತ್ರ ಕಷ್ಟ. 11ಕ್ಕೆ ಅಪಾಯಿಂಟ್‌ಮೆಂಟ್, ಒಳಗೆ ಕರೆದಾಗ 1:15. ಶುಗರ್ ಇರುವವರನ್ನು ಊಟದ ಹೊತ್ತಲ್ಲಿ ಕೂರಿಸುವುದು ಯಾವ ನ್ಯಾಯ? ಫೋನ್ ಕೂಡ ಎತ್ತುವುದಿಲ್ಲ. ಹೋಗುವವರು ಬ್ಯಾಗಲ್ಲಿ ಒಂದು ಹಿಡಿ ಕಡಲೆಕಾಯಿ ಇಟ್ಟುಕೊಳ್ಳಿ.