ಅಜ್ಜಿಯ ಕ್ಯಾಸೆಟ್ಟುಗಳೂ ಆಡಾಸಿಟಿಯೂ

ನಮ್ಮ ಅಜ್ಜಿ ಹಾಡಿದ ಹಸೆ ಹಾಡುಗಳ ಮೂರು ಕ್ಯಾಸೆಟ್ಟುಗಳು ಮನೆಯ ಕಪಾಟಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದ್ದವು. ಅವುಗಳಲ್ಲಿ ಒಂದನ್ನು ಹಿಂದೊಮ್ಮೆ ಅಂಗಡಿಯೊಂದಕ್ಕೆ ಕೊಟ್ಟು ಸಿ.ಡಿ. ಮಾಡಿಸಿದ್ದೆವು. ಟೇಪಿನ ಸುಯ್ ಎನ್ನುವ ಸದ್ದು ಪೂರ್ತಿ ಹೋಗಿತ್ತು ನಿಜ, ಆದರೆ ಅದರ ಜೊತೆಗೆ ಅಜ್ಜಿಯ ದನಿಯೂ ಅರ್ಧ ಹೋಗಿ, ಯಾರೋ ನೀರಿನೊಳಗೆ ಕುಳಿತು ಹಾಡಿದಂತೆ ಕೇಳುತ್ತಿತ್ತು. ಉಳಿದ ಎರಡನ್ನು ಹೊರಗೆ ಕೊಡಲು ಮನಸ್ಸಾಗದೆ ನಾನೇ ಆ ಕೆಲಸಕ್ಕೆ ಕೂತೆ. ಅದಕ್ಕೆ ಬಳಸಿದ್ದು ಧ್ವನಿಯನ್ನು ಮುದ್ರಿಸಿಕೊಂಡು ತಿದ್ದುವ ಆಡಾಸಿಟಿ ಎಂಬ ತಂತ್ರಾಂಶ. ಎರಡು ತಿಂಗಳ ಬಳಕೆಯ ನಂತರ ಈ ವಿಮರ್ಶೆ ಬರೆಯುತ್ತಿದ್ದೇನೆ.

ಆಡಾಸಿಟಿ ಹೊಸದೇನಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಝೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಇದನ್ನು 1999ರಲ್ಲಿ ಆರಂಭಿಸಿದರು. 2000ದಲ್ಲಿ ಇದು ಸಾರ್ವಜನಿಕರಿಗೆ ದೊರೆಯಿತು. ಇದು ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಒಂದು ರೂಪಾಯಿ ಖರ್ಚಿಲ್ಲದೆ ನಡೆಯುತ್ತದೆ. ಮೊಬೈಲಿಗೆ ಇದರ ಅಧಿಕೃತ ಆವೃತ್ತಿ ಇಲ್ಲ.

ತಂತ್ರಾಂಶದ ಮಾತಿಗೆ ಮುಂಚೆ ಯಂತ್ರದ ಮಾತೊಂದನ್ನು ಹೇಳಲೇಬೇಕು. ಟೇಪ್‌ರೆಕಾರ್ಡರಿನ ಹೆಡ್ ಓದದೆ ಬಿಟ್ಟ ನಾದವನ್ನು ಯಾವ ತಂತ್ರಾಂಶವೂ ಮರಳಿ ತರಲಾರದು. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಹೆಡ್ಡನ್ನು ಒರೆಸಿದಾಗ ಹತ್ತಿಗೆ ಕಂದು ಬಣ್ಣ ಹತ್ತಿತು. ಆಮೇಲೆ ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದ ಕೂಡಲೇ ಮಂಕಾಗಿದ್ದ ದನಿ ಸ್ಪಷ್ಟವಾಯಿತು. ಇದಾದ ಮೇಲೆ ಇಯರ್‌ಫೋನ್ ತೂತಿನಿಂದ ವೈರೊಂದನ್ನು ಯುಎಸ್‌ಬಿ ಸೌಂಡ್ ಕಾರ್ಡಿಗೆ, ಅಲ್ಲಿಂದ ಲ್ಯಾಪ್‌ಟಾಪಿಗೆ ಜೋಡಿಸಿದರೆ ಸಾಕು. ಧ್ವನಿಮುದ್ರಣದ ಮಟ್ಟ ಮೈನಸ್ 6 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ದಾಟದಂತೆ ನೋಡಿಕೊಳ್ಳಬೇಕು, ಏಕೆಂದರೆ ಮಟ್ಟ ಮೀರಿ ತುದಿ ಕತ್ತರಿಸಿಹೋದ ಅಲೆಗಳನ್ನು ಆಮೇಲೆ ಮೊದಲಿನಂತೆ ಮಾಡುವುದು ಬಹಳ ಕಷ್ಟ.

ನಾನು ಈ ತಂತ್ರಾಂಶವನ್ನು ಮೆಚ್ಚಿಕೊಂಡದ್ದು ಮುಖ್ಯವಾಗಿ ಅದರ ನಾಯ್ಸ್ ರಿಡಕ್ಷನ್ ಸೌಲಭ್ಯಕ್ಕಾಗಿ. ಹಾಡು ಶುರುವಾಗುವ ಮುಂಚೆ ಬರಿಯ ಟೇಪಿನ ಸದ್ದು ಮಾತ್ರ ಇರುವ ಒಂದೆರಡು ಸೆಕೆಂಡನ್ನು ಆಯ್ದು, 'ಗದ್ದಲವೆಂದರೆ ಇದು' ಎಂದು ತಂತ್ರಾಂಶಕ್ಕೆ ಮೊದಲು ತೋರಿಸಬೇಕು. ಆಮೇಲೆ ಇಡೀ ಹಾಡಿನಲ್ಲಿ ಆ ಬಗೆಯ ಸದ್ದನ್ನು ಅದು ತಗ್ಗಿಸುತ್ತದೆ. ಅದರಲ್ಲಿ ಮೊದಲೇ ಇರುವ ಅಳತೆಯಂತೆ ತಗ್ಗಿಸುವ ಪ್ರಮಾಣ 12 ಡೆಸಿಬೆಲ್, ಸೆನ್ಸಿಟಿವಿಟಿ (ಸದ್ದನ್ನು ಗದ್ದಲವೆಂದು ಎಣಿಸುವ ಸೂಕ್ಷ್ಮತೆ) 6. ಅದೇ ಅಳತೆಯಲ್ಲಿ ಕೇಳಿದಾಗ ಹಾಡು ಎಷ್ಟು ಶುಭ್ರವಾಗಿತ್ತೆಂದರೆ ಕೆಲಸ ಮುಗಿಯಿತೆಂದೇ ಭಾವಿಸಿದ್ದೆ. ಆದರೆ ಅದೇ ಕಿಟಕಿಯ ಕೆಳಗೆ 'ರೆಸಿಡ್ಯೂ' ಎಂಬ ಒಂದು ಆಯ್ಕೆ ಇದೆ. ಅದನ್ನು ಒತ್ತಿ ಕೇಳಿದರೆ ಉಳಿಯುವ ಹಾಡಿನ ಬದಲು, ತೆಗೆದುಹಾಕಲಿರುವ ಸದ್ದು ಮಾತ್ರ ಕೇಳಿಸುತ್ತದೆ. ಕೇಳಿದೆ. ಸುಯ್ ಎನ್ನುವ ಸದ್ದಿನ ನಡುವೆ ಪಿಸುಮಾತಿನಂತೆ ಅಜ್ಜಿಯ ಸಕಾರ, ಶಕಾರಗಳಿದ್ದವು. ಎರಡು ಸಾಲುಗಳ ನಡುವೆ ಅವರು ಎಳೆದುಕೊಳ್ಳುತ್ತಿದ್ದ ಉಸಿರೂ ಇತ್ತು. ಟೇಪಿನ ಸದ್ದೂ ಸಕಾರವೂ ಉಸಿರೂ ಬಹುಮಟ್ಟಿಗೆ ಮೇಲಿನ ಆವರ್ತನಗಳಲ್ಲೇ ಇರುವುದರಿಂದ ತಂತ್ರಾಂಶ ಅವನ್ನು ಒಂದೇ ಎಂದು ಎಣಿಸಿತ್ತು. ಅಂಗಡಿಯಲ್ಲಿ ಮಾಡಿಸಿದ ಸಿ.ಡಿ.ಯಲ್ಲಿ ಏನು ಕಳೆದುಹೋಗಿತ್ತು ಎಂಬುದು ನನಗೆ ಆಗ ತಿಳಿಯಿತು.

ಸೆನ್ಸಿಟಿವಿಟಿಯನ್ನು 4ಕ್ಕೆ, ತಗ್ಗಿಸುವ ಪ್ರಮಾಣವನ್ನು 8 ಡೆಸಿಬೆಲ್ಲಿಗೆ ಇಳಿಸಿ, ತೆಗೆಯುವ ಸದ್ದಿನಲ್ಲಿ ಅಕ್ಷರದ ಸುಳಿವೂ ಇಲ್ಲದಂತಾಗುವವರೆಗೆ ಮತ್ತೆ ಮತ್ತೆ ಕೇಳಿದೆ. ಕಳೆಯಲಿರುವುದನ್ನೇ ಮೊದಲು ಕಿವಿಗೆ ಒಪ್ಪಿಸುವ ಈ ಸಣ್ಣ ಗುಂಡಿಗೋಸ್ಕರವೇ ಆಡಾಸಿಟಿಯನ್ನು ನಾನು ಯಾರಿಗಾದರೂ ಹೇಳುತ್ತೇನೆ. ಒಂದೇ ಕ್ಲಿಕ್ಕಿನಲ್ಲಿ ಎಲ್ಲವನ್ನೂ ಸ್ವಚ್ಛ ಮಾಡಿಕೊಡುವ ಸೇವೆಗಳಿಗಿಂತ ನನಗೆ ಇದರ ಮೇಲೆಯೇ ಹೆಚ್ಚು ನಂಬಿಕೆ.

ನಮ್ಮ ದೇಶದ ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಹಳೆಯ ಮುದ್ರಣಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. 80 ಹರ್ಟ್ಸ್‌ಗಿಂತ ಕೆಳಗಿನದನ್ನು ಹೈ-ಪಾಸ್ ಫಿಲ್ಟರಿನಿಂದ ತಗ್ಗಿಸಿದರೆ ಹೆಣ್ಣು ದನಿಗೆ ಏನೂ ಆಗುವುದಿಲ್ಲ. ವೇಗದ ಸಮಸ್ಯೆ ಮಾತ್ರ ಕಿವಿಗೇ ಬಿಟ್ಟದ್ದು. ಮೊದಲ ಹಾಡನ್ನು ಕೇಳಿದ ದೊಡ್ಡಮ್ಮ, "ಅಮ್ಮನ ಗಂಟಲು ಇಷ್ಟು ದಪ್ಪ ಇರ್ಲಿಲ್ಲ ಕಣೋ, ಯಾರೋ ಎಳೆದು ಹಾಡಿದ ಹಾಗಿದೆ" ಎಂದರು. ಟೇಪ್‌ರೆಕಾರ್ಡರಿನ ಬೆಲ್ಟ್ ಸಡಿಲವಾಗಿ ಟೇಪು ನಿಧಾನವಾಗಿ ಓಡಿತ್ತು. ವೇಗವನ್ನೂ ಶ್ರುತಿಯನ್ನೂ ಒಟ್ಟಿಗೆ ಬದಲಿಸುವ ಸೌಲಭ್ಯದಲ್ಲಿ ಶೇಕಡಾ 1, 2, 3 ಎಂದು ಏರಿಸುತ್ತ ಹೋದೆ. 3ಕ್ಕೆ ಬಂದಾಗ ದೊಡ್ಡಮ್ಮ ತಾವೂ ಸಣ್ಣಗೆ ಹಾಡತೊಡಗಿದರು. ಅಲ್ಲಿಗೇ ನಿಲ್ಲಿಸಿದೆ.

ಕೊರತೆಗಳೂ ಇವೆ. ಯೋಜನೆಯ ಕಡತವನ್ನು ಮುಚ್ಚಿದರೆ ಹಿಂದಿನ ಹೆಜ್ಜೆಗಳಿಗೆ ಮರಳುವ ದಾರಿಯೂ ಮುಚ್ಚಿಹೋಗುತ್ತದೆ, ಆದ್ದರಿಂದ ಏನನ್ನೂ ಮುಟ್ಟದ ಮೂಲ ಮುದ್ರಣದ ಪ್ರತಿಯೊಂದನ್ನು ಬೇರೆಯಾಗಿ ಇಟ್ಟುಕೊಳ್ಳುವುದು ಕಡ್ಡಾಯ. ಕಡತಗಳ ಗಾತ್ರವೂ ದೊಡ್ಡದು: 32 ಬಿಟ್‌ನಲ್ಲಿ, ಸೆಕೆಂಡಿಗೆ 44,100 ಮಾದರಿಗಳಂತೆ, ಕ್ಯಾಸೆಟ್ಟಿನ 30 ನಿಮಿಷದ ಒಂದು ಬದಿ ಮೋನೊದಲ್ಲಿಯೇ (ಒಂದೇ ಚಾನೆಲ್ಲಿನಲ್ಲಿ) 300 ಎಂಬಿ ದಾಟುತ್ತದೆ. 2021ರಲ್ಲಿ ಆಡಾಸಿಟಿ ಮ್ಯೂಸ್ ಗ್ರೂಪ್ ಸಂಸ್ಥೆಯ ಕೈಸೇರಿದಾಗ ಬಳಕೆಯ ಮಾಹಿತಿ ಸಂಗ್ರಹಿಸುವ ಪ್ರಸ್ತಾಪ ಬಂದು, ಬಳಕೆದಾರರ ವಿರೋಧದಿಂದ ಅದನ್ನು ಕೈಬಿಡಲಾಯಿತು. ಆ ವಿಚಾರದಲ್ಲಿ ಅಳುಕಿರುವವರು ಇಂಟರ್ನೆಟ್ ತೆಗೆದಿಟ್ಟೇ ಈ ಎಲ್ಲ ಕೆಲಸವನ್ನು ಮಾಡಬಹುದು. ನಾನು ಹಾಗೆಯೇ ಮಾಡಿದೆ.

ಇದರ ಜೊತೆಗೆ ಕೈಗೆ ಸಿಕ್ಕ ಇನ್ನೊಂದು ಉಚಿತ ಸಾಧನ ಸೋನಿಕ್ ವಿಷುವಲೈಸರ್. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಇದು ಹಾಡನ್ನು ತಿದ್ದುವುದಿಲ್ಲ, ತೋರಿಸುತ್ತದೆ. ಅಜ್ಜಿ ಸಾಲಿನ ಕೊನೆಯ ಅಕ್ಷರವನ್ನು ಜಾರಿಸಿ ಇಳಿಸುವ ರೀತಿ ಪರದೆಯ ಮೇಲೆ ಬಾಗಿದ ಗೆರೆಯಾಗಿ ಮೂಡುತ್ತದೆ. ಕರ್ನಾಟಕ ಸಂಗೀತ ಕಲಿಯುವವರಿಗೆ ಗಮಕಗಳನ್ನು ಗಮನಿಸಲು ಇದು ಬಹಳ ಉಪಯುಕ್ತವಾದೀತು.

ಕೊನೆಗೆ ಪ್ರತಿ ಹಾಡಿನ ಆರಂಭಕ್ಕೆ ಕನ್ನಡದಲ್ಲೇ ಹೆಸರಿನ ಚೀಟಿ ಅಂಟಿಸಿ, ಒಮ್ಮೆಗೇ ಬೇರೆ ಬೇರೆ ಕಡತಗಳಾಗಿ ಹೊರತೆಗೆದೆ: ಕಾಪಿಡಲು ಗುಣಮಟ್ಟ ಕಳೆಯದ ಫ್ಲ್ಯಾಕ್ ರೂಪ, ಮನೆಯವರ ಮೊಬೈಲುಗಳಿಗೆ ಎಂಪಿ3. ಟೇಪಿನ ಸುಯ್ ಸದ್ದು ಸ್ವಲ್ಪ ಉಳಿದಿದೆ. ಅಜ್ಜಿ ಉಸಿರೆಳೆದುಕೊಳ್ಳುವುದೂ ಕೇಳಿಸುತ್ತದೆ.