ಹಳೆ ಪಿನ್‌ಬಾಲ್ ಯಂತ್ರದ ಬಟನ್ ಬದಲಾಯಿಸುವ ಮುಂಚೆ ಇದನ್ನು ಓದಿ

ಮನೆಯಲ್ಲಿ ಹಳೆ ಪಿನ್‌ಬಾಲ್ ಯಂತ್ರ, ಅಂದರೆ ಓರೆ ಹಲಗೆ ಮೇಲೆ ಉಕ್ಕಿನ ಚೆಂಡು ಹೊಡೆದು ಆಡುವ ಯಂತ್ರ, ಇದೆಯಾ? 1990ಕ್ಕಿಂತ ಹಿಂದಿನದ್ದಾ? ಹಾಗಿದ್ದರೆ 'ಎಲ್ಲ ಯಂತ್ರಕ್ಕೂ ಆಗುತ್ತದೆ' ಎಂದು ಮಾರುವ ಬಟನ್ ಸೆಟ್ ದಯವಿಟ್ಟು ಕೊಳ್ಳಬೇಡಿ. ನಾನು ಕೊಂಡೆ. ಮನೆಗೆ ಬೆಂಕಿ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು.

ನಾನಿರುವುದು ಶಿಕಾಗೋ ಪಕ್ಕದ ಊರಲ್ಲಿ. ಈ ಯಂತ್ರ ಮಾಡುತ್ತಿದ್ದ ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್, ಎಲ್ಲ ಇಲ್ಲಿನ ಕಂಪನಿಗಳೇ. ಬಟನ್ ಒತ್ತಿದರೆ ಚೆಂಡನ್ನು ಹೊಡೆಯುವ ಫ್ಲಿಪ್ಪರ್ ಮೊದಲು ಬಂದದ್ದೂ ಗಾಟ್ಲೀಬ್‌ನ ಯಂತ್ರದಲ್ಲಿ, 1947ರಲ್ಲಿ. ಹಾಗಾಗಿ ಇಲ್ಲಿ ಹಳೆ ಯಂತ್ರಗಳು ಯಾರದ್ದಾದರೂ ಬೇಸ್‌ಮೆಂಟಿನಲ್ಲಿ ಸಿಗುತ್ತಿರುತ್ತವೆ. ನನಗೆ ಸಿಕ್ಕಿದ್ದು ವಿಲಿಯಮ್ಸ್‌ನ 'ಹೈ ಸ್ಪೀಡ್', 1986ರದ್ದು. ಎಡಗಡೆ ಬಟನ್ ಒತ್ತಿದರೆ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಫ್ಲಿಪ್ಪರಿನಲ್ಲೂ ಜೋರು ಇರಲಿಲ್ಲ. ಬಟನ್ ತಾನೇ, ಒಂದು ಪ್ಲಾಸ್ಟಿಕ್ ತುಂಡು ಅಂದುಕೊಂಡೆ. ಆನ್‌ಲೈನ್‌ನಲ್ಲಿ ಒಬ್ಬರ ಹತ್ತಿರ ಸೆಟ್ ತರಿಸಿದೆ. ಎರಡು ಬಟನ್, ನಟ್‌ಗಳು, ಜೊತೆಗೆ ಎರಡು ಸ್ವಿಚ್. ಬೆಲೆಯೂ ಕಡಿಮೆ.

ಮೊದಲನೇ ತಪ್ಪು ಹತ್ತೇ ನಿಮಿಷದಲ್ಲಿ ಆಯಿತು. ಹೊರಗಿನಿಂದ ಬಟನ್‌ನ ಅಂಚನ್ನು ಪ್ಲೈಯರ್‌ನಲ್ಲಿ ಹಿಡಿದು ತಿರುಗಿಸಿದೆ. ಸುತ್ತಲಿನ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಸುಮಾರು ನಲವತ್ತು ವರ್ಷದ ಬಣ್ಣ ಅದು, ಮತ್ತೆ ಬರುವುದಿಲ್ಲ. ಬಟನ್ ಹೊರಗಿನಿಂದ ಬಿಚ್ಚುವಂಥದ್ದೇ ಅಲ್ಲ. ಅದನ್ನು ಹಿಡಿದಿರುವ ನಟ್ ಪೆಟ್ಟಿಗೆಯ ಒಳಗಡೆ ಇದೆ. ಮೇಲಿನ ಗಾಜು ಸರಿಸಿ, ಮೊದಲು ಚೆಂಡುಗಳನ್ನು ಹೊರಗೆ ತೆಗೆಯಬೇಕು. ಹೈ ಸ್ಪೀಡ್‌ನಲ್ಲಿ ಮೂರು ಇರುತ್ತವೆ. ಒಂದೊಂದೂ 80 ಗ್ರಾಂ ಉಕ್ಕು, ಆಟದ ಹಲಗೆ ಎತ್ತುವಾಗ ಉರುಳಿ ಬಿದ್ದರೆ ಸುಮ್ನೆ ಏನಾದರೂ ಒಡೆಯುತ್ತದೆ. ಹಲಗೆ ಎತ್ತಿ ನಿಲ್ಲಿಸಿದ ಮೇಲೆ ಬಟನ್‌ನ ಹಿಂದಿರುವ ಸ್ವಿಚ್ ಬಿಚ್ಚಿ ಪಕ್ಕಕ್ಕೆ ಇಳಿಬಿಡಿ. ಆಮೇಲೆ ಆಳವಾದ ಸಾಕೆಟ್ ಪಾನಾ ಹಾಕಿ ನಟ್ ಮಾತ್ರ ತಿರುಗಿಸಿ. ಹೊರಗಡೆ ಬಟನ್ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ, ಬಟನ್ ಅಲ್ಲಾಡದ ಹಾಗೆ ಬೆರಳಲ್ಲಿ ಒತ್ತಿ ಹಿಡಿದಿರಿ. ಹೊಸ ನಟ್ ಹಾಕುವಾಗ ಕೊನೆಯ ಬಿಗಿ ಕೈಯಲ್ಲೇ ಸಾಕು, ಜಾಸ್ತಿ ಬಿಗಿದರೆ ಪ್ಲಾಸ್ಟಿಕ್ ತಿರುಪಿನ ಮರೆ ಹೋಗುತ್ತದೆ. ಪೆಟ್ಟಿಗೆಯ ತಳದಲ್ಲಿ ಒಂದು ಹಳೆ ಬೆಡ್‌ಶೀಟ್ ಹಾಸಿಕೊಳ್ಳಿ. ನನ್ನ ನಟ್ ಕೈಜಾರಿ ಟ್ರಾನ್ಸ್‌ಫಾರ್ಮರ್ ಹತ್ತಿರ ಬಿತ್ತು. ಪ್ಲಗ್ ಕಿತ್ತಿದ್ದೆ, ಬಚಾವಾದೆ. ಇಂಥ ಹಳೆ ಯಂತ್ರದಲ್ಲಿ ಮುಂದಿನ ಬಾಗಿಲು ತೆರೆದರೆ ಕರೆಂಟ್ ತಾನಾಗಿ ಹೋಗುವುದಿಲ್ಲ. ಸ್ವಿಚ್ ಆಫ್ ಮಾಡಿದರೂ ಗೋಡೆಯಿಂದ ಬರುವ ಕರೆಂಟ್ ಆ ಸ್ವಿಚ್ಚಿನವರೆಗೂ ಇರುತ್ತದೆ. ಪ್ಲಗ್ಗನ್ನೇ ಕೀಳಬೇಕು.

ನಿಜವಾದ ಅಪಾಯ ಇದಲ್ಲ, ಆ ಸೆಟ್‌ನಲ್ಲಿದ್ದ ಸ್ವಿಚ್.

ಹೈ ಸ್ಪೀಡ್ ಕಾಲದ ಯಂತ್ರಗಳಲ್ಲಿ ಬಟನ್ ಬರೀ ಸೂಚನೆ ಕೊಡುವುದಿಲ್ಲ. ಫ್ಲಿಪ್ಪರ್ ಎಳೆಯುವ, ತಂತಿ ಸುತ್ತಿದ ಕಾಯಿಲ್‌ನ ಪೂರ್ತಿ ಕರೆಂಟ್, ಸುಮಾರು 50 ವೋಲ್ಟ್‌ನದ್ದು, ಬಟನ್ ಹಿಂದಿನ ಸ್ವಿಚ್ಚಿನ ಎರಡು ತಗಡಿನ ಎಲೆಗಳ ಮೂಲಕವೇ ಹರಿಯುತ್ತದೆ. ಪ್ರತಿ ಸಲ ಬಿಟ್ಟಾಗಲೂ ಅಲ್ಲಿ ಕಿಡಿ ಹಾರುತ್ತದೆ. ಅದಕ್ಕೇ ಅದರ ತುದಿಗಳನ್ನು ಟಂಗ್‌ಸ್ಟನ್‌ನಲ್ಲಿ ಮಾಡಿರುತ್ತಾರೆ. ನನಗೆ ಬಂದದ್ದು ಚಿನ್ನದ ಲೇಪದ ತುದಿ. ನೋಡಲು ಚೆನ್ನಾಗಿತ್ತು, ಒಳ್ಳೇದೇ ಇರಬೇಕು ಅಂದುಕೊಂಡು ಎರಡೂ ಕಡೆ ಬೆಸುಗೆ ಹಾಕಿದೆ. ಚಿನ್ನದ ತುದಿ ಇರುವುದು ಸಣ್ಣ ಕರೆಂಟಿಗೆ. 1992ರ ಹೊತ್ತಿಗೆ ಶುರುವಾದ ಎಲೆಕ್ಟ್ರಾನಿಕ್ ಫ್ಲಿಪ್ಪರ್ ಯಂತ್ರಗಳಲ್ಲಿ ಬಟನ್ ಬೋರ್ಡಿಗೆ ಸೂಚನೆ ಮಾತ್ರ ಕಳಿಸುತ್ತದೆ, ಅಲ್ಲಿ ಅದು ಸರಿ. ನನ್ನದರಲ್ಲಿ ಅಲ್ಲ.

ಎರಡು ವಾರ ಚೆನ್ನಾಗಿ ನಡೆಯಿತು. ಒಂದು ಸಂಜೆ ಮಗಳು ಆಡುತ್ತಿದ್ದವಳು, "ಅಪ್ಪಾ, ಎಡಗಡೇದು ಕೆಳಗೆ ಬರ್ತಾ ಇಲ್ಲ" ಅಂದಳು. ಊಟಕ್ಕೆ ಕೂತಿದ್ದೆವು, ಆಮೇಲೆ ನೋಡೋಣ ಬಾ ಅಂದೆ. ಹಾಗೆ ಅಂದದ್ದು ಈಗಲೂ ಚುಚ್ಚುತ್ತದೆ. ಸ್ವಿಚ್ಚಿನ ತುದಿಗಳು ಕರಗಿ ಒಂದಕ್ಕೊಂದು ಅಂಟಿಹೋಗಿದ್ದವು. ಫ್ಲಿಪ್ಪರ್ ಮೇಲೇ ನಿಂತಿತ್ತು, ಚೆಂಡು ಅದರ ಮೇಲೆ ಕೂತಿತ್ತು. ಚೆಂಡು ಕೆಳಗೆ ಬೀಳದಿದ್ದರೆ ಆಟ ಮುಗಿಯುವುದಿಲ್ಲ, ಆಟ ಮುಗಿಯದಿದ್ದರೆ ಫ್ಲಿಪ್ಪರಿನ ಕರೆಂಟ್ ನಿಲ್ಲುವುದಿಲ್ಲ.

ಕಾಯಿಲ್‌ನಲ್ಲಿ ಎರಡು ಸುತ್ತುಗಳಿರುತ್ತವೆ. ಒಂದು ಜೋರಾಗಿ ಎಳೆಯಲು, ಇನ್ನೊಂದು ಮೇಲೆ ಹಿಡಿದಿಡಲು. ಫ್ಲಿಪ್ಪರ್ ಪೂರ್ತಿ ಮೇಲೆ ಹೋದಾಗ ಹಲಗೆಯ ಕೆಳಗಿನ ಇನ್ನೊಂದು ಪುಟ್ಟ ಸ್ವಿಚ್ ತೆರೆದುಕೊಂಡು ಜೋರಿನ ಸುತ್ತನ್ನು ಬಿಡಿಸುತ್ತದೆ. ನನ್ನ ಯಂತ್ರದಲ್ಲಿ ಅದು ಸರಿಯಾಗಿ ತೆರೆಯುತ್ತಿರಲಿಲ್ಲ. ಬಟನ್ ಮಾತ್ರ ನೋಡಿದ್ದೆ, ಅದನ್ನು ನೋಡಿರಲಿಲ್ಲ. ಹಿಂದಿನ ಮಾಲೀಕರು ಯಾರೋ ಇರಬೇಕಾದ್ದಕ್ಕಿಂತ ದೊಡ್ಡ ಫ್ಯೂಸ್ ಬೇರೆ ಹಾಕಿದ್ದರು. ಅದೂ ಹಾರಲಿಲ್ಲ. ಸುಟ್ಟ ಕಮಟು ವಾಸನೆ ಮೆಟ್ಟಿಲು ಹತ್ತಿ ಬಂದಾಗಲೇ ನಾವು ಎದ್ದದ್ದು. ಬೇಸ್‌ಮೆಂಟ್ ತುಂಬ ಹೊಗೆ. ಓಡಿಹೋಗಿ ಪ್ಲಗ್ ಕಿತ್ತೆ. ಕಾಯಿಲ್ ಒಳಗಿನ ಪ್ಲಾಸ್ಟಿಕ್ ಕೊಳವೆ ಕರಗಿ ಕಬ್ಬಿಣದ ದಂಡಕ್ಕೆ ಮೆತ್ತಿಕೊಂಡಿತ್ತು.

ಮಾರಿದವರಿಗೆ ಬರೆದೆ. ಬಟನ್ ಸರಿಯಾಗಿ ಕೂತಿದೆಯಲ್ವಾ, ಸ್ವಿಚ್ ಹಾಕಿದ್ದು ನಿಮ್ಮ ಜವಾಬ್ದಾರಿ ಎಂದರು. ಹಣ ವಾಪಸ್ ಬರಲಿಲ್ಲ.

ಇಂಥ ಸೆಟ್ ನೀವು ಆಗಲೇ ಹಾಕಿದ್ದರೆ ಇವತ್ತೇ ಪ್ಲಗ್ ಕಿತ್ತು ನೋಡಿ. ಹಳದಿಯಾಗಿ ಹೊಳೆಯುವ ಚಿಕ್ಕ ತುದಿ ಇದ್ದರೆ ಅದು ಚಿನ್ನದ ಲೇಪ, ಬಿಚ್ಚಿ ತೆಗೆಯಿರಿ. ಟಂಗ್‌ಸ್ಟನ್ ಬೂದು ಬಣ್ಣದ್ದು, ದಪ್ಪಗಿರುತ್ತದೆ. ಟಂಗ್‌ಸ್ಟನ್ ಕಪ್ಪಾಗಿದ್ದರೆ ಸಣ್ಣ ಅರದಲ್ಲಿ ಉಜ್ಜಬಹುದು. ಎಲೆಕ್ಟ್ರಾನಿಕ್ ಫ್ಲಿಪ್ಪರ್ ಯಂತ್ರದಲ್ಲಿರುವ ಚಿನ್ನದ ತುದಿಗೆ ಅರ ತಾಗಿಸಬೇಡಿ, ಲೇಪ ಹೋಗುತ್ತದೆ. ವಿಸಿಟಿಂಗ್ ಕಾರ್ಡಿನಂಥ ದಪ್ಪ ಕಾಗದ ನಡುವೆ ಇಟ್ಟು ಎಳೆದರೆ ಸಾಕು. ಫ್ಯೂಸ್‌ನ ಆಂಪಿಯರ್ ಅಳತೆಯನ್ನು ಯಂತ್ರದ ಕೈಪಿಡಿಯಲ್ಲಿ ಇರುವುದರ ಜೊತೆ ಹೋಲಿಸಿ. ಫ್ಲಿಪ್ಪರನ್ನು ಕೈಯಲ್ಲೇ ಮೇಲಕ್ಕೆತ್ತಿ, ಕೆಳಗಿನ ಸ್ವಿಚ್ ಕೊನೆಯಲ್ಲಿ ತೆರೆಯುತ್ತದೆಯಾ ನೋಡಿ. ಹೊಸ ಬಟನ್ ತರುವ ಮುಂಚೆ ಹಳೆಯದರ ಉದ್ದ ಅಳೆಯಿರಿ. ಎರಡು ಮೂರು ಉದ್ದಗಳಲ್ಲಿ ಬರುತ್ತವೆ. ಉದ್ದ ಜಾಸ್ತಿ ಇದ್ದರೆ ಒತ್ತದೇ ಇದ್ದಾಗಲೂ ಸ್ವಿಚ್ಚಿಗೆ ತಾಗಿಕೊಂಡಿರುತ್ತದೆ.

ಮರುದಿನ ಬಲಗಡೆ ಸ್ವಿಚ್ಚನ್ನೂ ಬಿಚ್ಚಿದೆ. ಆ ಫ್ಲಿಪ್ಪರ್ ಚೆನ್ನಾಗಿಯೇ ಆಡುತ್ತಿತ್ತು. ಸ್ವಿಚ್ಚಿನ ತುದಿಯಲ್ಲಿ ಚಿನ್ನವೇ ಉಳಿದಿರಲಿಲ್ಲ, ಕಪ್ಪಗೆ ಗುಳಿ ಬಿದ್ದಿತ್ತು.