ಗ್ನೋಮ್ ಒಮೇಗಾ: ಐವತ್ತು ಅಶ್ವಶಕ್ತಿ, ಆದರೆ ಯಾವ ಅಳತೆಯಲ್ಲಿ?

ಫ್ರಾನ್ಸಿನ ಸೆಗಾಂ ಸಹೋದರರ ಗ್ನೋಮ್ ಒಮೇಗಾ ವಿಮಾನ ಎಂಜಿನ್ನಿನ ಗುಣಗಳನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಏಳು ಸಿಲಿಂಡರು, ಅವುಗಳ ಒಟ್ಟು ಒಳಗಾತ್ರ ಸುಮಾರು 8 ಲೀಟರ್, ತೂಕ ಸುಮಾರು 75 ಕಿಲೋ, ಹೇಳಿಕೊಳ್ಳುವ ಶಕ್ತಿ 50 ಅಶ್ವಶಕ್ತಿ. ಉಕ್ಕನ್ನು ಕಡೆದು ತೆಗೆದ ಸಿಲಿಂಡರ್ ಗೋಡೆಗಳು ಎರಡು ಮಿಲಿಮೀಟರಿಗಿಂತಲೂ ತೆಳ್ಳಗಿವೆ. ಬೇರೆ ಎಂಜಿನ್ನುಗಳಲ್ಲಿ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟ್ ಇಲ್ಲಿ ವಿಮಾನದ ಚೌಕಟ್ಟಿಗೆ ಬಿಗಿದು ನಿಂತಿರುತ್ತದೆ, ಸಿಲಿಂಡರುಗಳೇ ಪ್ರೊಪೆಲರ್‌ನೊಂದಿಗೆ ತಿರುಗುತ್ತ ತಮ್ಮ ಕಾವನ್ನು ತಾವೇ ಗಾಳಿಗೆ ಬಿಟ್ಟುಕೊಡುತ್ತವೆ. ಹೀಗಾಗಿ ನೀರೂ ಬೇಡ, ರೇಡಿಯೇಟರೂ ಬೇಡ. 1909ರ ಆಗಸ್ಟ್‌ನಲ್ಲಿ ಫ್ರಾನ್ಸಿನ ರೀಮ್ಸ್‌ನಲ್ಲಿ ನಡೆದ ವಿಮಾನ ಸ್ಪರ್ಧೆಯಲ್ಲಿ ಪೈಲಟ್ ಆನ್ರಿ ಫಾರ್ಮನ್ ಇದೇ ಎಂಜಿನ್ನಿನಿಂದ 180 ಕಿಲೋಮೀಟರ್ ಹಾರಿ ದೂರದ ಬಹುಮಾನ ಗೆದ್ದರು.

ನನ್ನ ತಕರಾರು ಇಂಧನದ ಲೆಕ್ಕದ ಬಗ್ಗೆ. ಎಂಜಿನ್ನುಗಳನ್ನು ಓಡಿಸಿ ಪರೀಕ್ಷಿಸುವ ಕಟ್ಟೆಯ ಮುಂದೆ ಗಡಿಯಾರ ಹಿಡಿದು, ಗಾಜಿನ ಅಳತೆಕೊಳವೆಯಲ್ಲಿ ಇಂಧನ ಇಳಿಯುವುದನ್ನು ವರ್ಷಗಟ್ಟಲೆ ನೋಡಿದವನಾಗಿ ಹೇಳುವುದಾದರೆ, ಲೀಟರುಗಳನ್ನು ಎಣಿಸುವುದು ಕಷ್ಟವೇ ಅಲ್ಲ. ಅವನ್ನು ಯಾವ ಅಶ್ವಶಕ್ತಿಯಿಂದ ಭಾಗಿಸಬೇಕು ಎಂಬಲ್ಲಿ ಜಗಳ ಹುಟ್ಟುತ್ತದೆ. ಸಿಲಿಂಡರುಗಳು ಗಾಳಿಯನ್ನು ಸೀಳಿಕೊಂಡು ಸುತ್ತುವುದಕ್ಕೇ ಶಕ್ತಿಯ ಒಂದು ಪಾಲು ಖರ್ಚಾಗುತ್ತದೆ. ಎಂಜಿನ್ನನ್ನು ಓಲಾಡುವ ತೊಟ್ಟಿಲಿನಂಥ ಚೌಕಟ್ಟಿನಲ್ಲಿ ಕೂರಿಸಿ, ನಿಂತ ಶಾಫ್ಟನ್ನು ಹಿಮ್ಮುಖವಾಗಿ ತಿರುಚುವ ಬಲವನ್ನು ಅಳೆದರೆ ಆ ಪೋಲಾದ ಪಾಲೂ ಸೇರಿ ದೊಡ್ಡ ಅಂಕಿ ಬರುತ್ತದೆ. ತಿರುಗುವ ಭಾಗಕ್ಕೆ ಬ್ರೇಕ್ ಹಾಕಿ ಪ್ರೊಪೆಲರ್‌ಗೆ ದಕ್ಕುವುದನ್ನಷ್ಟೇ ಅಳೆದರೆ ಅಂಕಿ ಇಳಿಯುತ್ತದೆ. ಉದಾಹರಣೆಗೆ, ಗಂಟೆಗೆ 20 ಲೀಟರ್ ಕುಡಿಯುವ ಎಂಜಿನ್ 50 ಅಶ್ವಶಕ್ತಿಯ ಲೆಕ್ಕದಲ್ಲಿ ಅಶ್ವಶಕ್ತಿಯೊಂದಕ್ಕೆ 400 ಮಿಲಿಲೀಟರ್ ಬಳಸಿದಂತೆ, 40ರ ಲೆಕ್ಕದಲ್ಲಿ 500. ಕುಡಿದ ಪೆಟ್ರೋಲು ಮಾತ್ರ ಅಷ್ಟೇ.

ಹಾರುವಾಗ ಇನ್ನೊಂದು ಸೋರಿಕೆ ಇದೆ. ಇಳಿಯುವ ಮುನ್ನ ಪೈಲಟ್ ಪೆಟ್ರೋಲು ಹೊತ್ತಿಸುವ ಕಿಡಿಯನ್ನು ಆಗಾಗ ಕಡಿದು ವೇಗ ತಗ್ಗಿಸುತ್ತಿದ್ದನು. ಆ ಹೊತ್ತಿನಲ್ಲಿ ಒಳಬಂದ ಪೆಟ್ರೋಲು ಉರಿಯದೆ ಹಾಗೆಯೇ ಹೊರಬೀಳುತ್ತಿತ್ತು. ಒಂದೇ ವೇಗದಲ್ಲಿ ಓಡಿಸಿ ಬರೆದುಕೊಂಡ ಪರೀಕ್ಷಾ ವರದಿಯಲ್ಲಿ ಇದು ಕಾಣುವುದಿಲ್ಲ.

ಎಂಜಿನ್ನಿನ ಒಳಭಾಗಗಳು ಸವೆಯದಂತೆ ಹಾಕುತ್ತಿದ್ದ ಹರಳೆಣ್ಣೆಯದು ಬೇರೆಯೇ ಕಥೆ. ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲವೆಂದು ಅದನ್ನೇ ಆರಿಸಿದ್ದರು, ಆದರೆ ಹಾಕಿದ ಎಣ್ಣೆ ಮರಳಿ ತೊಟ್ಟಿಗೆ ಬರುವುದಿಲ್ಲ, ಹೊಗೆಯೊಂದಿಗೆ ಹೊರಗೆ ಸಿಡಿದು ಪೈಲಟ್ಟಿನ ಮುಖ, ಬಟ್ಟೆಗಳಿಗೆ ಮೆತ್ತಿಕೊಳ್ಳುತ್ತದೆ. (ನಮ್ಮ ಮನೆಗಳಲ್ಲಿ ಮಕ್ಕಳಿಗೆ ಅದನ್ನು ಏಕೆ ಕುಡಿಸುತ್ತಿದ್ದರೆಂದು ಬಲ್ಲವರಿಗೆ ಆ ಪೈಲಟ್ಟಿನ ಪಾಡನ್ನು ವಿವರಿಸಬೇಕಿಲ್ಲ.) ಬರೀ ಪೆಟ್ರೋಲಿನ ಅಂಕಿ ತೋರಿಸಿ ಈ ಎಣ್ಣೆಯನ್ನು ಬಿಟ್ಟುಬಿಡುವ ಯಾವ ವರದಿಯನ್ನೂ ನಾನು ಪೂರ್ಣವೆಂದು ಒಪ್ಪಲಾರೆ.

ಎಂಜಿನ್, ಪೆಟ್ರೋಲು, ಎಣ್ಣೆ ಮೂರನ್ನೂ ಒಂದೇ ತಕ್ಕಡಿಗೆ ಹಾಕಿ, ಎಷ್ಟು ಗಂಟೆಯ ಹಾರಾಟಕ್ಕೆ ಎಂದು ಕೇಳಿದರೆ ಮಾತ್ರ ನ್ಯಾಯವಾದ ಹೋಲಿಕೆಯಾಗುತ್ತದೆ. ಆ ಕಾಲದಲ್ಲಿ ಸಣ್ಣ ಹಾರಾಟಕ್ಕಾದರೆ ಒಮೇಗಾವನ್ನು ನಾನು ಕಣ್ಣುಮುಚ್ಚಿ ಆರಿಸುತ್ತಿದ್ದೆ; ದಿನದ ಬಹುಪಾಲು ಗಾಳಿಯಲ್ಲಿ ಕಳೆಯಬೇಕಾದವರು ತೂಕ ಹೆಚ್ಚಾದರೂ ನೀರಿನಿಂದ ತಣಿಯುವ ಎಂಜಿನ್ನನ್ನೇ ಕೊಳ್ಳುವುದು ಮೇಲಾಗಿತ್ತು.